ರೀಮ್ಸ್, 1951: ಒಬ್ಬನ ಕಾರನ್ನು ಇನ್ನೊಬ್ಬನಿಗೆ ಕೊಡಿಸಿದ್ದು ಸರಿಯೇ?

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಶಿಪ್ಪಿಗೆ ಅದು ಎರಡನೇ ವರ್ಷ. 1951ರ ಜುಲೈ 1ರ ಭಾನುವಾರ, ಫ್ರಾನ್ಸಿನ ರೀಮ್ಸ್ ಪಟ್ಟಣದ ಹೊರಗೆ ಗೋಧಿ ಹೊಲಗಳ ನಡುವೆ ಹಾದುಹೋಗುವ ಊರ ರಸ್ತೆಗಳನ್ನೇ ಮುಚ್ಚಿ ಮಾಡಿಕೊಂಡ ತ್ರಿಕೋನಾಕಾರದ ದಾರಿಯಲ್ಲಿ ಫ್ರೆಂಚ್ ಗ್ರ್ಯಾನ್ ಪ್ರಿ ನಡೆಯುತ್ತಿತ್ತು. 77 ಸುತ್ತು, ಒಟ್ಟು 600 ಕಿಲೋಮೀಟರ್ ದಾಟುವ ಓಟ. ಓಟದ ಮೊದಲ ಭಾಗದಲ್ಲೇ ಆಲ್ಫಾ ರೋಮಿಯೊ ತಂಡದ ಹುವಾನ್ ಮ್ಯಾನುಯೆಲ್ ಫಾಂಜಿಯೊನ ಕಾರು ಕೈಕೊಟ್ಟಿತು. ಅದೇ ತಂಡದ ಲುಯಿಜಿ ಫಾಜೋಲಿ ತನ್ನ ಕಾರನ್ನು ಪಿಟ್ಟಿಗೆ, ಅಂದರೆ ಓಟದ ನಡುವೆ ಇಂಧನಕ್ಕೂ ಟೈರಿಗೂ ನಿಲ್ಲುವ ಜಾಗಕ್ಕೆ, ತಂದಾಗ, ಕೆಳಗಿಳಿದು ಕಾರನ್ನು ಫಾಂಜಿಯೊಗೆ ಬಿಟ್ಟುಕೊಡುವಂತೆ ತಂಡ ಆಜ್ಞೆ ಮಾಡಿತು. ಫಾಜೋಲಿ ಇಳಿದ, ಫಾಂಜಿಯೊ ಹತ್ತಿದ, ಹತ್ತಿದವನು ಓಟ ಗೆದ್ದ. ಇಳಿದವನು ಫಾಂಜಿಯೊ ಬಿಟ್ಟುಹೋಗಿದ್ದ ಕುಂಟು ಕಾರನ್ನೇರಿ ಹನ್ನೊಂದನೆಯವನಾಗಿ ಓಟ ಮುಗಿಸಿದ, ಅಲ್ಲಿಗೆ ಆಲ್ಫಾ ತಂಡವನ್ನೂ ಬಿಟ್ಟ.

ಆ ದಿನ ಹೀಗೆ ಮಾಡಿದ್ದು ಆಲ್ಫಾ ಒಂದೇ ಅಲ್ಲ. ಎದುರಾಳಿ ಫೆರಾರಿಯಲ್ಲಿ ಆಲ್ಬರ್ಟೊ ಅಸ್ಕಾರಿಯ ಗೇರ್‌ಬಾಕ್ಸ್ ಮುರಿದಾಗ, ಆ ತಂಡಕ್ಕೆ ಅಂದೇ ಮೊದಲ ಬಾರಿಗೆ ಓಡಿಸುತ್ತಿದ್ದ ಅರ್ಜೆಂಟೀನಾದ ಹೋಸೆ ಫ್ರೊಯ್ಲಾನ್ ಗೊನ್ಸಾಲೆಸ್ ತನ್ನ ಕಾರನ್ನು ಅಸ್ಕಾರಿಗೆ ಕೊಡಬೇಕಾಯಿತು. ಆ ಕಾರು ಎರಡನೆಯದಾಗಿ ಬಂತು. ಅಂದಿನ ನಿಯಮದಲ್ಲಿ ಇದಕ್ಕೆ ಅಡ್ಡಿ ಇರಲಿಲ್ಲ. ಒಂದು ಕಾರನ್ನು ಇಬ್ಬರು ಓಡಿಸಿದರೆ ಅದಕ್ಕೆ ದಕ್ಕಿದ ಅಂಕವನ್ನು ಇಬ್ಬರಿಗೂ ಸಮನಾಗಿ ಹಂಚುತ್ತಿದ್ದರು.

ನಿಯಮಕ್ಕೆ ಒಪ್ಪಿಗೆಯಾದದ್ದು ನ್ಯಾಯಕ್ಕೂ ಒಪ್ಪಿಗೆಯೇ ಎಂಬುದು ಇಲ್ಲಿಯ ಪ್ರಶ್ನೆ. ಎರಡು ಕಡೆಯ ವಾದವನ್ನೂ ನಾನೇ ಬರೆದಿದ್ದೇನೆ. ಒಂದು ಕಡೆಗೆ ಕೈ ಸ್ವಲ್ಪ ಭಾರವಾಗಿ ಬಿದ್ದಿದ್ದರೆ ಓದುಗರಿಗೆ ಅದು ಗೊತ್ತಾಗದೆ ಇರದು.

ಪರ

ಮೊದಲು ಕೇಳಬೇಕಾದದ್ದು, ಆ ಕಾರು ಯಾರದು ಎಂದು. ಫಾಜೋಲಿಯದಲ್ಲ, ಫಾಂಜಿಯೊನದೂ ಅಲ್ಲ. ಮಿಲಾನಿನ ಆಲ್ಫಾ ರೋಮಿಯೊ ಕಾರ್ಖಾನೆಯದು. ಎಂಟು ಸಿಲಿಂಡರುಗಳ, ಒಂದೂವರೆ ಲೀಟರಿನ, ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೂಡಿಸಿದ ಆ 159 ಮಾದರಿಯ ಇಂಜಿನ್ 400ಕ್ಕೂ ಹೆಚ್ಚು ಅಶ್ವಶಕ್ತಿ ಕೊಡುತ್ತಿತ್ತು, ಪ್ರತಿಯಾಗಿ ಕಿಲೋಮೀಟರಿಗೆ ಒಂದೂವರೆ ಲೀಟರಿಗೂ ಮೀರಿ ಮೆಥನಾಲ್ ಬೆರೆತ ಇಂಧನವನ್ನು ಕುಡಿಯುತ್ತಿತ್ತು. 600 ಕಿಲೋಮೀಟರ್ ಓಡಬೇಕಾದರೆ ಎಷ್ಟು ಇಂಧನ ಬೇಕೆಂದು ಓದುಗರೇ ಲೆಕ್ಕ ಹಾಕಿಕೊಳ್ಳಲಿ. ಅಷ್ಟನ್ನು ಯಾವ ಟ್ಯಾಂಕಿನಲ್ಲೂ ಹೊತ್ತು ಓಡಲಾಗದು, ಆದ್ದರಿಂದ ಕಾರು ನಡುನಡುವೆ ಪಿಟ್ಟಿಗೆ ಬಂದೇ ತೀರಬೇಕು. ಬಂದಾಗ ಅದರ ಸುತ್ತ ಮೆಕ್ಯಾನಿಕ್‌ಗಳು ಮುತ್ತಿಕೊಂಡು ಇಂಧನ ತುಂಬಿ, ಸುತ್ತಿಗೆಯಿಂದ ಹೊಡೆದು ಚಕ್ರ ಬಿಚ್ಚಿ, ಹೊಸ ಟೈರು ಹಾಕಿ ಕಳಿಸುತ್ತಾರೆ. ಕಾರು ಹೇಗೂ ನಿಂತಿರುತ್ತದೆ. ಆ ಹೊತ್ತಿನಲ್ಲಿ ಚಾಲಕ ಬದಲಾದರೆ ಹೆಚ್ಚುವರಿಯಾಗಿ ಕಳೆದುಹೋಗುವುದು ಕೆಲವೇ ಸೆಕೆಂಡು. ಕಾರು ಬದಲಿಸುವ ಪದ್ಧತಿ ಹುಟ್ಟಿದ್ದು ಯಾರದೋ ಅಹಂಕಾರದಿಂದಲ್ಲ, ಈ ಯಂತ್ರಗಳ ದಾಹದಿಂದ ಎಂದರೆ ತಪ್ಪಾಗದು.

ಪದ್ಧತಿ ಹೊಸದೂ ಅಲ್ಲ. 1931ರಲ್ಲಿ ಇಟಲಿ, ಫ್ರಾನ್ಸ್, ಬೆಲ್ಜಿಯಂ ಗ್ರ್ಯಾನ್ ಪ್ರಿಗಳು ತಲಾ ಹತ್ತು ಗಂಟೆಗಳ ಓಟಗಳಾಗಿದ್ದವು. ಒಂದು ಕಾರಿಗೆ ಇಬ್ಬರು ಚಾಲಕರಿದ್ದರು, ಗೆಲುವಿನ ಪಟ್ಟಿಯಲ್ಲಿ ಜೋಡಿ ಹೆಸರುಗಳೇ ಇವೆ. ಮೊಂಜಾದಲ್ಲಿ ಕಂಪಾರಿ ಮತ್ತು ನುವೊಲಾರಿ, ಮಾಂಟ್ಲೆರಿಯಲ್ಲಿ ಶಿರೋನ್ ಮತ್ತು ವಾರ್ಟ್ಜಿ. ಆ ಗೆಲುವುಗಳನ್ನು ಅರ್ಧ ಗೆಲುವು ಎಂದು ಯಾರೂ ಹೀಯಾಳಿಸಲಿಲ್ಲ. ವಿಶ್ವ ಚಾಂಪಿಯನ್‌ಶಿಪ್ಪಿನ ಮೊದಲ ವರ್ಷವಾದ 1950ರ ಕೊನೆಯ ಓಟದಲ್ಲಿ, ಅದೂ ಮೊಂಜಾದಲ್ಲೇ, ಇದೇ ಫಾಂಜಿಯೊ ಕಾರು ಕೆಟ್ಟು ನಿಂತಾಗ ಜೊತೆಗಾರ ಪಿಯೆರೊ ತರುಫಿಯ ಕಾರನ್ನೇರಿದ, ಅದೂ ಕೆಟ್ಟಿತು. ಅದೇ ಓಟದಲ್ಲಿ ಅಸ್ಕಾರಿ ಫೆರಾರಿಯ ಸೆರಾಫಿನಿಯ ಕಾರನ್ನು ತೆಗೆದುಕೊಂಡು ಎರಡನೆಯವನಾದ. ಅಂದರೆ 1951ರ ರೀಮ್ಸಿಗೆ ಬಂದ ಪ್ರತಿಯೊಬ್ಬ ಚಾಲಕನಿಗೂ ತಾನು ಯಾವ ಷರತ್ತಿನ ಮೇಲೆ ಸೀಟಿನಲ್ಲಿ ಕುಳಿತಿದ್ದೇನೆಂದು ತಿಳಿದಿತ್ತು. ಫಾಜೋಲಿಯಂಥ ಹಳಬನಿಗಂತೂ ಅದನ್ನು ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಾರದು. ಕಾರು ತಯಾರಿಸುವ ಸಂಸ್ಥೆಗಳಿಗೆಂದೇ ಪ್ರತ್ಯೇಕ ಪ್ರಶಸ್ತಿ ಬಂದದ್ದು 1958ರಲ್ಲಿ. ಅಲ್ಲಿಯವರೆಗೆ ಹಣ ಹಾಕಿ, ಇಂಜಿನ್ ಕಟ್ಟಿ, ಊರಿಂದೂರಿಗೆ ಲಾರಿಗಳಲ್ಲಿ ಸಾಗಿಸುತ್ತಿದ್ದ ಕಾರ್ಖಾನೆಗೆ ತನ್ನ ಹೆಸರಿನಲ್ಲಿ ಗೆಲ್ಲಲು ಯಾವ ಚಾಂಪಿಯನ್‌ಶಿಪ್ಪೂ ಇರಲಿಲ್ಲ. ತನ್ನ ಚಾಲಕರಲ್ಲಿ ಒಬ್ಬ ಚಾಂಪಿಯನ್ ಆದರೆ ಆ ಬೆಳಕಿನಲ್ಲಿ ತಾನು ಕಾಣಿಸಿಕೊಳ್ಳಬೇಕು, ಅಷ್ಟೇ. ಅಂಥ ವ್ಯವಸ್ಥೆಯಲ್ಲಿ ತಂಡ ತನ್ನ ಬಲವನ್ನು ನಾಲ್ವರಿಗೆ ಹಂಚಿ ಕೂರುವುದು ದಡ್ಡತನವಾಗುತ್ತಿತ್ತು.

ಹಾಗಾದರೆ ಫಾಂಜಿಯೊನೇ ಏಕೆ? ಆ ವರ್ಷ ಯುರೋಪಿನಲ್ಲಿ ನಡೆದ ಏಳು ಓಟಗಳಲ್ಲಿ ಐದರಲ್ಲಿ ಅತಿ ವೇಗದ ಸುತ್ತು ಅವನದೇ ಆಗಿತ್ತು ಎಂಬುದು ಉತ್ತರ. ಮೊದಲ ಓಟ ಸ್ವಿಟ್ಜರ್ಲೆಂಡಿನ ಬ್ರೆಮ್‌ಗಾರ್ಟನ್ನಿನಲ್ಲಿ, ಮಳೆಯಲ್ಲಿ ಗೆದ್ದ. ಎರಡು ವಾರಗಳ ಹಿಂದೆ ಬೆಲ್ಜಿಯಂನ ಸ್ಪಾದಲ್ಲಿ ಅವನಿಗಾದದ್ದನ್ನು ನೆನೆದರೆ ರೀಮ್ಸಿನ ಆಜ್ಞೆ ಇನ್ನಷ್ಟು ಅರ್ಥವಾಗುತ್ತದೆ. ಅಲ್ಲಿ ಪಿಟ್ಟಿಗೆ ಬಂದ ಅವನ ಕಾರಿನ ಹಿಂದಿನ ಚಕ್ರ ಕಚ್ಚಿಕೊಂಡು ಕುಳಿತಿತು. ಮೆಕ್ಯಾನಿಕ್‌ಗಳು ಬಡಿದರು, ಎಳೆದರು, ಚಕ್ರ ಜಗ್ಗಲಿಲ್ಲ. ಹತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಫಾಂಜಿಯೊ ಕಾರಿನ ಪಕ್ಕದಲ್ಲಿ ನಿಂತು ಕಾಯಬೇಕಾಯಿತು. ಓಟದ ಅತಿ ವೇಗದ ಸುತ್ತನ್ನು ಓಡಿಸಿದವನು ಕೊನೆಗೆ ಒಂಬತ್ತನೆಯವನಾದ, ಆ ವೇಗದ ಸುತ್ತಿಗೆಂದು ಒಂದೇ ಒಂದು ಅಂಕ ಪಡೆದ. ಎರಡು ವಾರ ಕಳೆಯುವಷ್ಟರಲ್ಲಿ ಕಾರು ಮತ್ತೆ ಕೆಟ್ಟಿತು. ಕೊಟ್ಟ ಕುದುರೆಯನ್ನೇರಲಾರದವನು ಎಂಬ ಮಾತು ಇಲ್ಲಿ ಸಲ್ಲದು. ಏರಿದವನಲ್ಲಿ ಕೊರತೆ ಇರಲಿಲ್ಲ, ಕುದುರೆಯೇ ಕುಂಟುತ್ತಿತ್ತು. ಕುಂಟು ಕುದುರೆ ಕೊಟ್ಟ ಲಾಯದವರೇ ಇನ್ನೊಂದನ್ನು ತಂದು ನಿಲ್ಲಿಸಿದರೆ ಅದನ್ನು ಅನ್ಯಾಯ ಎನ್ನಬೇಕೆ?

ಅಂಕಗಳ ಲೆಕ್ಕವನ್ನೂ ನೋಡಬೇಕು, ಏಕೆಂದರೆ ಈ ವಾದದ ಗಟ್ಟಿ ಭಾಗ ಅಲ್ಲಿದೆ. ಆಗ ಮೊದಲ ಐವರಿಗೆ 8, 6, 4, 3, 2 ಅಂಕ, ಅತಿ ವೇಗದ ಸುತ್ತಿಗೆ 1. ಇಡೀ ವರ್ಷದ ಎಂಟು ಓಟಗಳಲ್ಲಿ ಒಬ್ಬ ಚಾಲಕನ ಅತ್ಯುತ್ತಮ ನಾಲ್ಕನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತಿದ್ದರು. ಅಕ್ಟೋಬರ್ 28ರಂದು ಬಾರ್ಸಿಲೋನಾದ ಪೆಡ್ರಾಲ್ಬೆಸ್ ಬೀದಿಗಳಲ್ಲಿ ಕೊನೆಯ ಓಟ ನಡೆಯುವ ಮುನ್ನ ಫಾಂಜಿಯೊನ ಲೆಕ್ಕಕ್ಕೆ ಬರುವ ಅಂಕ 27, ಅಸ್ಕಾರಿಯದು 25. ಈ 27ರಲ್ಲಿ ರೀಮ್ಸಿನಲ್ಲಿ ಸಿಕ್ಕ 5 ಸೇರಿದೆ: ಹಂಚಿಕೊಂಡ ಗೆಲುವಿನ 4, ವೇಗದ ಸುತ್ತಿನ 1. ಅಸ್ಕಾರಿಯ 25ರಲ್ಲಿ ಗೊನ್ಸಾಲೆಸ್‌ನ ಕಾರಿನಿಂದ ಬಂದ 3 ಸೇರಿದೆ. ಈಗ ಆಲ್ಫಾ ತಂಡ ಮಾತ್ರ ದೊಡ್ಡ ಮನಸ್ಸು ಮಾಡಿ ಫಾಜೋಲಿಯನ್ನು ಇಳಿಸದೆ ಬಿಟ್ಟಿತ್ತು ಎಂದುಕೊಳ್ಳಿ, ಮಿಕ್ಕದ್ದೆಲ್ಲ ಹಾಗೆಯೇ ನಡೆಯಿತು ಎಂದುಕೊಳ್ಳಿ. ಫಾಂಜಿಯೊ ಸ್ಪೇನಿಗೆ ಬರುವಾಗ ಅವನ ಕೈಯಲ್ಲಿ 23 ಇರುತ್ತಿತ್ತು, ಅಸ್ಕಾರಿಯ ಕೈಯಲ್ಲಿ 25. ಮುಂದಿರಬೇಕಾದವನು ಹಿಂದಿನಿಂದ ಅಟ್ಟಿಸಿಕೊಂಡು ಹೋಗಬೇಕಾಗುತ್ತಿತ್ತು. ಎದುರಾಳಿ ಬಳಸುತ್ತಿರುವ ಆಯುಧವನ್ನು ನಾನೊಬ್ಬನೇ ಕೆಳಗಿಡುತ್ತೇನೆ ಎನ್ನುವುದು ಸಂತನಿಗೆ ಒಪ್ಪಬಹುದು. ತಂಡದ ವ್ಯವಸ್ಥಾಪಕನಿಗೆ ಒಪ್ಪುವ ಮಾತಲ್ಲ.

ಈ ಪದ್ಧತಿಯಿಂದ ಒಳ್ಳೆಯದೂ ಆಗಿದೆ. 1957ರ ಜುಲೈನಲ್ಲಿ ಏಂಟ್ರಿಯಲ್ಲಿ ನಡೆದ ಬ್ರಿಟಿಷ್ ಗ್ರ್ಯಾನ್ ಪ್ರಿಗೆ ಟೋನಿ ಬ್ರೂಕ್ಸ್ ಬಂದದ್ದು ಲಮಾನ್ ಓಟದಲ್ಲಾದ ಅಪಘಾತದ ಗಾಯಗಳು ಇನ್ನೂ ಮಾಯದಿರುವಾಗ. ಪೂರ್ತಿ ಓಟ ಓಡಿಸುವ ಶಕ್ತಿ ಅವನಿಗಿರಲಿಲ್ಲ. ಅದೇ ತಂಡದ ಸ್ಟರ್ಲಿಂಗ್ ಮಾಸ್‌ನ ವ್ಯಾನ್‌ವಾಲ್ ಕಾರು ಮುಗ್ಗರಿಸತೊಡಗಿದಾಗ ಬ್ರೂಕ್ಸ್ ತನ್ನ ಕಾರನ್ನು ಅವನಿಗೆ ಕೊಟ್ಟ. ಮಾಸ್ ಹಿಂದಿನಿಂದ ಒಬ್ಬೊಬ್ಬರನ್ನೇ ದಾಟಿ ಗೆದ್ದ, ಚಾಂಪಿಯನ್‌ಶಿಪ್ ಓಟವೊಂದನ್ನು ಬ್ರಿಟಿಷ್ ಕಾರು ಮೊದಲ ಬಾರಿಗೆ ಗೆದ್ದಿತು, ಗೆದ್ದವರ ಪಟ್ಟಿಯಲ್ಲಿ ಇಬ್ಬರ ಹೆಸರೂ ಇದೆ. ಕಾರು ಹಂಚಿಕೊಳ್ಳುವುದೇ ತಪ್ಪು ಎನ್ನುವವರು ಆ ಗೆಲುವನ್ನೂ ಅಳಿಸಬೇಕಾಗುತ್ತದೆ.

ಕಾರು ಬದಲಿಸುವುದು ನಿಂತ ಮೇಲೂ ತಂಡದ ಆಜ್ಞೆ ನಿಂತಿಲ್ಲ. ಈಗ ಚಾಲಕ ಸೀಟು ಬಿಟ್ಟು ಏಳುವುದಿಲ್ಲ, ರೇಡಿಯೊದಲ್ಲಿ ಮಾತು ಕೇಳಿ ಜಾಗ ಬಿಟ್ಟುಕೊಡುತ್ತಾನೆ. 2002ರ ಆಸ್ಟ್ರಿಯಾ ಓಟದಲ್ಲಿ ಫೆರಾರಿಯ ಬ್ಯಾರಿಕೆಲೊ ಗೆಲುವಿನ ಗೆರೆಯ ಹತ್ತಿರ ಅದೇ ತಂಡದ ಶೂಮಾಕರ್‌ಗೆ ದಾರಿ ಬಿಟ್ಟ ಮೇಲೆ ಇಂಥ ಆಜ್ಞೆಗಳನ್ನೇ ನಿಷೇಧಿಸಿದರು. ಕೆಲವು ವರ್ಷಗಳಲ್ಲಿ ಆ ನಿಷೇಧವನ್ನು ತಾವೇ ಹಿಂದಕ್ಕೆ ಪಡೆದರು. ರೀಮ್ಸಿನಲ್ಲಿ ಕನಿಷ್ಠ ಎಲ್ಲವೂ ಜನರ ಕಣ್ಣೆದುರು, ಹಗಲಿನಲ್ಲಿ ನಡೆಯಿತು. ಇಳಿದವನಿಗೆ ಗೆಲುವಿನ ಅರ್ಧದಷ್ಟು ಅಂಕವಾದರೂ ಸಿಕ್ಕಿತು. ಇಂದು ದಾರಿ ಬಿಟ್ಟವನಿಗೆ ಸಿಗುವುದು ರೇಡಿಯೊದಲ್ಲಿ ಒಂದು ಧನ್ಯವಾದ.

ವಿರೋಧ

ಪರ ವಾದದಲ್ಲಿ ಫಾಜೋಲಿ "ಹಳಬ" ಎಂಬ ಒಂದು ಪದದಲ್ಲಿ ಮುಗಿದುಹೋದ. ಅವನು ಯಾರೆಂದು ಸ್ವಲ್ಪ ನಿಧಾನವಾಗಿ ಹೇಳಬೇಕು.

1898ರಲ್ಲಿ ಇಟಲಿಯ ಓಸಿಮೊದಲ್ಲಿ ಹುಟ್ಟಿದ ಲುಯಿಜಿ ಫಾಜೋಲಿ ಎರಡನೇ ಮಹಾಯುದ್ಧಕ್ಕೆ ಮೊದಲೇ ದೊಡ್ಡ ಹೆಸರು. 1934ರಲ್ಲಿ ಮರ್ಸಿಡಿಸ್ ತಂಡಕ್ಕೆ ಸೇರಿದಾಗ, ನ್ಯೂರ್ಬರ್ಗ್‌ರಿಂಗಿನ ಐಫೆಲ್ ಓಟದಲ್ಲಿ ವ್ಯವಸ್ಥಾಪಕ ಆಲ್ಫ್ರೆಡ್ ನಾಯ್‌ಬಾವರ್, ಜರ್ಮನ್ ಚಾಲಕ ಬ್ರೌಖಿಚ್‌ನನ್ನು ಮುಂದೆ ಬಿಡು ಎಂದು ಅವನಿಗೆ ಆಜ್ಞೆ ಮಾಡಿದ. ಫಾಜೋಲಿ ಪಿಟ್ಟಿನಲ್ಲಿ ಜಗಳವಾಡಿದ, ಮತ್ತೆ ಓಟಕ್ಕೆ ಹೋದ, ಆಮೇಲೆ ಕಾರನ್ನು ದಾರಿಯ ಬದಿಯಲ್ಲಿ ನಿಲ್ಲಿಸಿ ಎದ್ದು ಹೋದ. ಅಂಥ ಮುಂಗೋಪಿ, ಅಂಥ ಸ್ವಾಭಿಮಾನಿ. ಯುದ್ಧ ಮುಗಿದು, ಐವತ್ತು ದಾಟಿ, ಮರಳಿ ಬಂದವನು 1950ರ ಚಾಂಪಿಯನ್‌ಶಿಪ್ಪಿನಲ್ಲಿ ನಾಲ್ಕು ಬಾರಿ ಎರಡನೆಯವನು, ಒಮ್ಮೆ ಮೂರನೆಯವನು ಆದ. ಒಟ್ಟು 28 ಅಂಕ ಗಳಿಸಿ, ನಾಲ್ಕರ ಲೆಕ್ಕದ ನಿಯಮದಿಂದ 24ಕ್ಕೆ ಇಳಿದು, ಒಟ್ಟಾರೆ ಮೂರನೇ ಸ್ಥಾನ ಪಡೆದ. ಅಂದರೆ ಅವನು ತಂಡಕ್ಕೆ ತುಂಬುವ ಆಳು ಆಗಿರಲಿಲ್ಲ. 1951ರಲ್ಲಿ ಚಾಂಪಿಯನ್‌ಶಿಪ್ಪಿನ ಓಟಗಳಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಅವಕಾಶ, ಅದು ರೀಮ್ಸ್. ಆ ಒಂದರಲ್ಲೂ ಅವನನ್ನು ಎಬ್ಬಿಸಿದರು.

ಈ ಬಾರಿ ಅವನು ಕಾರನ್ನು ದಾರಿಬದಿಯಲ್ಲಿ ಬಿಟ್ಟು ಹೋಗಲಿಲ್ಲ. ತನ್ನ ಕಾರನ್ನು ಕೊಟ್ಟ, ಫಾಂಜಿಯೊನ ಕೆಟ್ಟ ಕಾರನ್ನು ಹತ್ತಿ, ಗೆದ್ದವರಿಗಿಂತ 22 ಸುತ್ತು ಹಿಂದೆ ಉಳಿದು, ಓಟ ಮುಗಿಸಿಯೇ ಇಳಿದ. 53 ವರ್ಷದವನು, ತನ್ನದೇ ಗೆಲುವು ಬೇರೊಬ್ಬನ ಕೈಯಲ್ಲಿ ಪಕ್ಕದಿಂದ ಹಾದುಹೋಗುವುದನ್ನು ನೋಡುತ್ತ, ಮುಗ್ಗರಿಸುವ ಇಂಜಿನ್ನಿನ ಹಿಂದೆ ಕುಳಿತು ಆ ಗೋಧಿ ಹೊಲಗಳನ್ನು ಸುತ್ತುತ್ತಿದ್ದ ಚಿತ್ರವನ್ನು ಒಮ್ಮೆ ಕಣ್ಣೆದುರು ತಂದುಕೊಂಡರೆ, ನಿಯಮದಲ್ಲಿ ಇದಕ್ಕೆ ಅವಕಾಶವಿತ್ತು ಎಂಬ ಸಮಾಧಾನ ತೆಳುವಾಗಿ ಕಾಣುತ್ತದೆ.

ತಂಡದ ಹಿತ ಎಂಬ ವಾದಕ್ಕೆ ಬರೋಣ. ರೀಮ್ಸಿಗೆ ಬರುವಾಗ ಆಲ್ಫಾ ಚಾಲಕರಲ್ಲಿ ಅಂಕಗಳಲ್ಲಿ ಮುಂದಿದ್ದವನು ಫಾಂಜಿಯೊ ಅಲ್ಲ, ಜುಸೆಪ್ಪೆ ಫರೀನಾ. ಬ್ರೆಮ್‌ಗಾರ್ಟನ್ನಿನ ಮೂರನೇ ಸ್ಥಾನಕ್ಕೆ 4, ಸ್ಪಾದ ಗೆಲುವಿಗೆ 8, ಒಟ್ಟು 12. ಫಾಂಜಿಯೊಗೆ 10. ಫರೀನಾ ಹಿಂದಿನ ವರ್ಷದ ವಿಶ್ವ ಚಾಂಪಿಯನ್ ಕೂಡ. ಅಷ್ಟೇ ಅಲ್ಲ, ಫಾಂಜಿಯೊ ಮತ್ತು ಅಸ್ಕಾರಿಯ ಕಾರುಗಳು ಕೈಕೊಟ್ಟ ಮೇಲೆ ಬಹಳ ಸುತ್ತು ಓಟದ ಮುಂದಿದ್ದವನೂ ಅವನೇ. ಅವನ ಕಾರಿಗೆ ತೊಂದರೆ ಬಂದದ್ದು ಅರ್ಧ ದಾರಿ ಕಳೆದ ಮೇಲೆ. ಫಾಜೋಲಿಯನ್ನು ಇಳಿಸುವ ಹೊತ್ತಿಗೆ ಆಲ್ಫಾ ತಂಡದ ಚಾಂಪಿಯನ್ ಓಟದಲ್ಲೂ ಅಂಕಪಟ್ಟಿಯಲ್ಲೂ ಮುಂದಿದ್ದ. ಸೋಲುತ್ತಿರುವ ತಂಡ ಕೈಗೆ ಸಿಕ್ಕ ಹುಲ್ಲುಕಡ್ಡಿ ಹಿಡಿಯಿತೆಂದರೆ ಒಪ್ಪಬಹುದಿತ್ತು. ಇಲ್ಲಿ ತಂಡ ಸೋಲುತ್ತಿರಲಿಲ್ಲ. ತನ್ನ ಇಬ್ಬರು ದೊಡ್ಡ ಚಾಲಕರಲ್ಲಿ ಯಾರು ಗೆಲ್ಲಬೇಕೆಂದು ಅದು ಆರಿಸುತ್ತಿತ್ತು, ಆ ಆಯ್ಕೆಯ ಬೆಲೆಯನ್ನು ಮೂರನೆಯವನಿಂದ ಕಟ್ಟಿಸಿತು.

1931ರ ಹತ್ತು ಗಂಟೆಯ ಓಟಗಳನ್ನು ಇದರ ಪಕ್ಕದಲ್ಲಿ ಇಡಲಾಗದು. ಅಲ್ಲಿ ಜೋಡಿ ಮೊದಲೇ ಗೊತ್ತಾಗಿತ್ತು. ಕಂಪಾರಿಯೂ ನುವೊಲಾರಿಯೂ ಒಂದೇ ಕಾರಿನ ಇಬ್ಬರು ಚಾಲಕರಾಗಿಯೇ ಮೊಂಜಾಕ್ಕೆ ಬಂದಿದ್ದರು. ಏಂಟ್ರಿಯಲ್ಲಿ ಬ್ರೂಕ್ಸ್ ತನ್ನ ಮೈ ಸ್ಥಿತಿ ತಿಳಿದು, ಮಾಸ್‌ನ ಕಾರು ಕೆಟ್ಟರೆ ತನ್ನದನ್ನು ಕೊಡುವುದೆಂದು ಮುಂಚೆಯೇ ಒಪ್ಪಿದ್ದ. ಒಪ್ಪಿ ಕೊಡುವುದೂ ಕಿತ್ತುಕೊಳ್ಳುವುದೂ ಹೊರಗಿನಿಂದ ಒಂದೇ ಥರ ಕಾಣುತ್ತವೆ: ಒಬ್ಬ ಇಳಿಯುತ್ತಾನೆ, ಇನ್ನೊಬ್ಬ ಹತ್ತುತ್ತಾನೆ. ಗೊನ್ಸಾಲೆಸ್‌ನ ವಿಷಯದಲ್ಲಂತೂ ಒಪ್ಪಿಗೆ ಎಂಬ ಪದಕ್ಕೆ ಅರ್ಥವೇ ಇಲ್ಲ. ತರುಫಿಯ ಕಾಯಿಲೆಯಿಂದ ತೆರವಾದ ಜಾಗಕ್ಕೆ ಬಂದು, ಫೆರಾರಿಯ ಸೀಟಿನಲ್ಲಿ ಮೊದಲ ದಿನ ಕುಳಿತವನು, ಇಳಿ ಎಂದರೆ ಇಳಿಯದೆ ಇನ್ನೇನು ಮಾಡಿಯಾನು?

ಈಗ ಅಂಕಗಳ ಲೆಕ್ಕ. ಪರ ವಾದ ಅದನ್ನು ಸ್ಪೇನಿನ ಹೊಸ್ತಿಲಲ್ಲಿ ನಿಲ್ಲಿಸಿದೆ. ಹೊಸ್ತಿಲು ದಾಟಿ ನೋಡೋಣ. ಪೆಡ್ರಾಲ್ಬೆಸ್‌ನಲ್ಲಿ ಫೆರಾರಿ ತಂಡ ಚಿಕ್ಕ ಅಳತೆಯ ಚಕ್ರ ಹಾಕುವ ತಪ್ಪು ಮಾಡಿತು. ಉದ್ದನೆಯ ನೇರ ಬೀದಿಯ ವೇಗಕ್ಕೆ ಟೈರುಗಳ ಮೇಲ್ಪದರ ಕಿತ್ತುಬಂದು, ಮೊದಲ ಸಾಲಿನಿಂದ ಹೊರಟಿದ್ದ ಅಸ್ಕಾರಿಯೂ ಸೇರಿ ಕೆಂಪು ಫೆರಾರಿಗಳು ಒಂದಾದ ಮೇಲೊಂದರಂತೆ ಪಿಟ್ಟಿಗೆ ಓಡಿಬಂದವು. ಫಾಂಜಿಯೊ ಗೆದ್ದ, ವೇಗದ ಸುತ್ತನ್ನೂ ಓಡಿಸಿದ, 9 ಅಂಕ ಪಡೆದ. ಅವನ ಒಟ್ಟು 37 ಆಯಿತು, ಲೆಕ್ಕಕ್ಕೆ ಬಂದದ್ದು 31. ಆ 31 ಯಾವ ನಾಲ್ಕು ಓಟಗಳದು? ಬ್ರೆಮ್‌ಗಾರ್ಟನ್ನಿನ 9, ಪೆಡ್ರಾಲ್ಬೆಸ್‌ನ 9, ನ್ಯೂರ್ಬರ್ಗ್‌ರಿಂಗಿನ 7, ಸಿಲ್ವರ್‌ಸ್ಟೋನಿನ 6. ರೀಮ್ಸಿನ 5 ಅದರಲ್ಲಿ ಇಲ್ಲ. ಫಾಜೋಲಿಯನ್ನು ಎಬ್ಬಿಸಿ ಪಡೆದ ಆ ಅಂಕಗಳನ್ನು ವರ್ಷದ ಕೊನೆಗೆ ಲೆಕ್ಕದಿಂದ ಕಳೆದು ಬಿಸಾಡಿದರು. ಹಾಲು ಕರೆದು ಚರಂಡಿಗೆ ಸುರಿದಂತಾಯಿತು, ಅದೂ ಬೇರೆಯವರ ಹಸುವಿನ ಹಾಲು.

ಎದುರಾಳಿಯೂ ಮಾಡುತ್ತಿದ್ದನಲ್ಲ ಎಂಬ ಮಾತಿಗೂ ಈ ಲೆಕ್ಕದಲ್ಲೇ ಉತ್ತರವಿದೆ. ಅಸ್ಕಾರಿಯ ಕೊನೆಯ 25 ಅಂಕ ಎಂದರೆ ಎರಡು ಗೆಲುವಿನ 8 ಮತ್ತು 8, ಸ್ಪಾದ 6, ಜೊತೆಗೆ ಒಂದು 3. ರೀಮ್ಸಿನಲ್ಲೂ ಅವನಿಗೆ ಸಿಕ್ಕಿದ್ದು 3, ಪೆಡ್ರಾಲ್ಬೆಸ್‌ನಲ್ಲಿ ಸ್ವಂತ ಕಾರಿನಲ್ಲಿ ನಾಲ್ಕನೆಯವನಾಗಿ ಪಡೆದದ್ದೂ 3. ಗೊನ್ಸಾಲೆಸ್‌ನ ಕಾರನ್ನು ಮುಟ್ಟದಿದ್ದರೂ ಅವನ ಮೊತ್ತ 25ರಿಂದ ಕದಲುತ್ತಿರಲಿಲ್ಲ. ಎರಡೂ ತಂಡಗಳ ನಾಯಕರಿಗೆ ರೀಮ್ಸಿನಿಂದ ಕೊನೆಗೆ ಬಂದದ್ದು ಸೊನ್ನೆ. ಕಳೆದುಕೊಂಡವರು ಮಾತ್ರ ಇದ್ದಾರೆ. ಗೊನ್ಸಾಲೆಸ್ ಆ ವರ್ಷವನ್ನು 24 ಅಂಕಗಳೊಂದಿಗೆ, ಅಸ್ಕಾರಿಗಿಂತ ಒಂದೇ ಒಂದು ಅಂಕ ಹಿಂದೆ, ಮೂರನೆಯವನಾಗಿ ಮುಗಿಸಿದ. ರೀಮ್ಸಿನ ಆ ಕಾರನ್ನು ಅವನೇ ಅದೇ ಎರಡನೇ ಸ್ಥಾನಕ್ಕೆ ತಂದಿದ್ದರೆ 6 ಅಂಕ ಪೂರ್ತಿ ಅವನದಾಗಿ, ಮೊತ್ತ 26 ಆಗಿ, ವಿಶ್ವದ ಎರಡನೇ ಸ್ಥಾನ ಅವನದಾಗುತ್ತಿತ್ತು. ತರುತ್ತಿದ್ದನೇ? ಮೊದಲ ದಿನದ ಚಾಲಕನ ಬಗ್ಗೆ ಯಾರಿಗೂ ಖಾತರಿ ಇರಲಾರದು ಎಂದು ಯಾರಾದರೂ ಕೇಳಿದರೆ, ಎರಡು ವಾರಗಳ ನಂತರ ಏನಾಯಿತೆಂದು ನೋಡಬೇಕು.

ಜುಲೈ 14, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್. ಚಾಂಪಿಯನ್‌ಶಿಪ್ ಆರಂಭವಾದಂದಿನಿಂದ, ಅಮೆರಿಕದ ಇಂಡಿಯಾನಾಪೊಲಿಸ್ ಒಂದನ್ನು ಬಿಟ್ಟರೆ, ಎಲ್ಲ ಓಟಗಳನ್ನೂ ಆಲ್ಫಾ ಕಾರುಗಳೇ ಗೆದ್ದಿದ್ದವು. ಫೆರಾರಿಯ ನಾಲ್ಕೂವರೆ ಲೀಟರಿನ ಹನ್ನೆರಡು ಸಿಲಿಂಡರ್ ಇಂಜಿನ್ನಿಗೆ ಸೂಪರ್‌ಚಾರ್ಜರ್ ಇರಲಿಲ್ಲ, ಆದ್ದರಿಂದ ಆಲ್ಫಾದಷ್ಟು ದಾಹವೂ ಇರಲಿಲ್ಲ. ಗೆಲುವು ಇಂದಲ್ಲ ನಾಳೆ ಅದರ ಕಡೆಗೆ ತಿರುಗುವುದು ಕಾಣುತ್ತಿತ್ತು. ಅಂದು ಅದನ್ನು ತಿರುಗಿಸಿದವನು ಅಸ್ಕಾರಿ ಅಲ್ಲ, ಗೊನ್ಸಾಲೆಸ್. ಅವನಿಗೆ ಕೊಟ್ಟಿದ್ದದ್ದು ಹೊಸ ಇಂಜಿನ್ನೂ ಅಲ್ಲ. ಅದು ಅಸ್ಕಾರಿ ಮತ್ತು ತಂಡದ ಇನ್ನೊಬ್ಬ ಚಾಲಕ ವಿಲ್ಲೊರೇಸಿಯ ಕಾರುಗಳಲ್ಲಿತ್ತು. ಹಳೆಯದನ್ನೇ ಓಡಿಸಿ ಅರ್ಹತಾ ಸುತ್ತಿನಲ್ಲಿ ಫಾಂಜಿಯೊಗಿಂತ ಒಂದು ಸೆಕೆಂಡು ವೇಗವಾಗಿ ಬಂದು ಮೊದಲ ಜಾಗ ಹಿಡಿದ. ಇಂಗ್ಲಿಷ್ ಅಭಿಮಾನಿಗಳು ಪಂಪಾಸಿನ ಗೂಳಿ ಎಂದು ಕರೆಯುತ್ತಿದ್ದ ಆ ದಪ್ಪ ಮೈಯವನು ಸೀಟಿನಿಂದ ಹೊರಚೆಲ್ಲಿ, ಸ್ಟಿಯರಿಂಗ್ ಜೊತೆ ಕುಸ್ತಿಗಿಳಿದವನಂತೆ ಓಡಿಸುತ್ತಿದ್ದರೆ, ಪಕ್ಕದಲ್ಲಿ ಅವನದೇ ದೇಶದ, ಅವನದೇ ಗೆಳೆಯ ಫಾಂಜಿಯೊ ನೀರು ಹರಿದಂತೆ ಓಡಿಸುತ್ತಿದ್ದ.

ಅರ್ಧಕ್ಕಿಂತ ಹೆಚ್ಚು ಓಟ ಮುಗಿದಿರುವಾಗ ಅಸ್ಕಾರಿಯ ಗೇರ್‌ಬಾಕ್ಸ್ ಮತ್ತೆ ಮುರಿಯಿತು. ಸ್ವಲ್ಪ ಹೊತ್ತಿನಲ್ಲಿ ಇಂಧನಕ್ಕೆಂದು ಗೊನ್ಸಾಲೆಸ್ ಪಿಟ್ಟಿಗೆ ಬಂದ. ರೀಮ್ಸಿನ ಪಾಠ ಅವನಿಗೆ ಮರೆತಿರಲಿಲ್ಲ. ತಂಡದ ನಾಯಕ ಕಾರಿಲ್ಲದೆ ನಿಂತಿದ್ದಾನೆ, ತಾನು ಇಳಿಯಬೇಕು ಎಂದುಕೊಂಡು ಕಾರನ್ನು ಅಸ್ಕಾರಿಗೆ ಕೊಡಲು ಮುಂದಾದ. ಅಸ್ಕಾರಿ ಬೇಡವೆಂದ, ಅವನನ್ನೇ ಮುಂದುವರಿಯಲು ಹೇಳಿದ. ಗೊನ್ಸಾಲೆಸ್ 90 ಸುತ್ತು ಮುಗಿಸಿ ಫಾಂಜಿಯೊಗಿಂತ ಸುಮಾರು 50 ಸೆಕೆಂಡು ಮೊದಲು ಗೆರೆ ದಾಟಿದ. ಫೆರಾರಿಗೆ ಚಾಂಪಿಯನ್‌ಶಿಪ್ಪಿನಲ್ಲಿ ಅದು ಮೊದಲ ಗೆಲುವು. ಒಂದು ಕಾಲದಲ್ಲಿ ಆಲ್ಫಾದ ಓಟದ ತಂಡವನ್ನು ತಾನೇ ನಡೆಸಿದ್ದ ಎನ್ಸೊ ಫೆರಾರಿ, ಅಂದು ತಾಯಿಯನ್ನೇ ಕೊಂದಂತೆ ಅನಿಸಿತು ಎಂದು ಮುಂದೆ ಬರೆದುಕೊಂಡ.

ಅಸ್ಕಾರಿಗೆ ಅದರಿಂದ ನಷ್ಟವಾಗಿತ್ತು. ಕಾರು ತೆಗೆದುಕೊಂಡು ಗೆದ್ದಿದ್ದರೆ ಅರ್ಧ ಗೆಲುವಿನ 4 ಅಂಕ ಸಿಕ್ಕಿ, ಪಟ್ಟಿಯಲ್ಲಿದ್ದ 3ರ ಜಾಗಕ್ಕೆ ಅದು ಬಂದು, ಅವನು ಸ್ಪೇನಿಗೆ 26 ಅಂಕ ಹಿಡಿದು ಹೋಗುತ್ತಿದ್ದ, ಫಾಂಜಿಯೊಗಿಂತ ಒಂದೇ ಅಂಕ ಹಿಂದೆ. ಚಾಂಪಿಯನ್ ಆಗಬೇಕೆಂಬ ಆಸೆ ಅವನಿಗೆ ಫಾಂಜಿಯೊಗಿಂತ ಕಡಿಮೆ ಇತ್ತೆಂದು ಹೇಳಲಾಗದು. ಮುಂದಿನ ಎರಡು ವರ್ಷ ಸತತವಾಗಿ ಅವನೇ ಚಾಂಪಿಯನ್. ಆದ್ದರಿಂದ, ಆ ಕಾಲವೇ ಹಾಗಿತ್ತು, ಎಲ್ಲರೂ ಹಾಗೆಯೇ ಯೋಚಿಸುತ್ತಿದ್ದರು ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಅದೇ ಕಾಲದ, ಅದೇ ನಿಯಮದ, ಅದೇ ಆಸೆಯ ಮನುಷ್ಯ ಎರಡೇ ವಾರದ ಅಂತರದಲ್ಲಿ ಎರಡು ರೀತಿ ನಡೆದುಕೊಂಡ. ರೀಮ್ಸಿನಲ್ಲಿ ಏರಿದವನೇ ಸಿಲ್ವರ್‌ಸ್ಟೋನಿನಲ್ಲಿ ಬೇಡವೆಂದ. ಬೇಡವೆನ್ನುವುದು ಸಾಧ್ಯವಿತ್ತು.

ಸೆಪ್ಟೆಂಬರಿನಲ್ಲಿ ಮೊಂಜಾದಲ್ಲಿ ಇದೇ ನಾಟಕ ಮತ್ತೊಮ್ಮೆ ನಡೆಯಿತು: ಫರೀನಾ ಕಾರು ಕೆಟ್ಟು, ಫೆಲಿಚೆ ಬೊನೆಟ್ಟೊನ ಆಲ್ಫಾವನ್ನು ತೆಗೆದುಕೊಂಡು ಮೂರನೆಯವನಾದ. ಇಬ್ಬರಿಗೂ ಎರಡೆರಡು ಅಂಕ. ಅದರ ಬಗ್ಗೆ ಹೆಚ್ಚು ಹೇಳಲು ಇಲ್ಲ. ಆಲ್ಫಾ ಆ ವರ್ಷದ ಕೊನೆಗೆ ಓಟಗಳಿಂದಲೇ ಹಿಂದೆ ಸರಿಯಿತು. ಹಂಚಿಕೊಂಡ ಕಾರಿಗೆ ಅಂಕ ಕೊಡುವುದನ್ನು 1958ರಿಂದ ನಿಲ್ಲಿಸಿದರು, ಕಾರ್ಖಾನೆಗಳಿಗೆ ಪ್ರತ್ಯೇಕ ಪ್ರಶಸ್ತಿ ಶುರುವಾದ ಅದೇ ವರ್ಷ. ಕಾರ್ಖಾನೆಯ ಹಂಬಲಕ್ಕೆ ಬೇರೆ ದಾರಿ ಸಿಕ್ಕಿದ ಕೂಡಲೇ ಚಾಲಕನ ಸೀಟು ಚಾಲಕನಿಗೆ ಉಳಿಯಿತು.

ಫಾಜೋಲಿಗೆ ವಯಸ್ಸಾಗಿತ್ತು, ಹೇಗೂ ಗೆಲ್ಲುತ್ತಿರಲಿಲ್ಲ ಎನ್ನುವವರಿದ್ದಾರೆ. 1952ರ ಮೇ ತಿಂಗಳಲ್ಲಿ ಅವನು ಒಂದು ಲಾನ್ಚಿಯಾ ಕಾರಿನಲ್ಲಿ ಇಟಲಿಯ ಊರಿಂದೂರಿಗೆ ಸಾವಿರ ಮೈಲಿ ಓಡುವ ಮಿಲೆ ಮಿಲ್ಯಾಕ್ಕೆ ಹೋಗಿ ಮೂರನೆಯವನಾಗಿ ಬಂದ. ನಾಲ್ಕನೆಯವನು ಮರ್ಸಿಡಿಸ್‌ನ ರುಡಾಲ್ಫ್ ಕಾರಾಚಿಯೊಲಾ, ಮೂವತ್ತರ ದಶಕದಿಂದಲೂ ಅವನ ಹಗೆ. ಕೆಲವೇ ವಾರಗಳಲ್ಲಿ ಮೊನಾಕೊದಲ್ಲಿ ಅಭ್ಯಾಸದ ವೇಳೆ ಅಪಘಾತವಾಗಿ, ಜೂನ್ 20ರಂದು ತೀರಿಕೊಂಡ. ಚಾಂಪಿಯನ್‌ಶಿಪ್ ಓಟ ಗೆದ್ದವರಲ್ಲಿ ಅತಿ ಹಿರಿಯ ಎಂಬ ದಾಖಲೆ ಇಂದಿಗೂ ಅವನ ಹೆಸರಿನಲ್ಲಿದೆ, ಆ ದಾಖಲೆಯ ಮೂಲ ರೀಮ್ಸಿನ ಅದೇ ಅರ್ಧ ಗೆಲುವು. ಆ ಓಟದ ಫಲಿತಾಂಶದ ಪಟ್ಟಿಯನ್ನು ತೆರೆದರೆ ಮೊದಲನೇ ಸ್ಥಾನದ ಎದುರು ಎರಡು ಹೆಸರುಗಳಿವೆ, ಫಾಜೋಲಿ ಮತ್ತು ಫಾಂಜಿಯೊ. ಹನ್ನೊಂದನೇ ಸ್ಥಾನದ ಎದುರೂ ಅದೇ ಎರಡು ಹೆಸರುಗಳಿವೆ.